ಕೈ ಗುರುತೇ ಇಲ್ಲದ ಮತಯಂತ್ರ: ಮಂಡ್ಯ 2019, ಒಂದು ಪ್ರಕರಣ ಅಧ್ಯಯನ

2019ರ ಏಪ್ರಿಲ್ 18ರಂದು ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ ಮತ ಹಾಕಲು ಹೋದವರ ಮುಂದೆ ಎರಡು ಬ್ಯಾಲಟ್ ಯೂನಿಟ್‌ಗಳಿದ್ದವು. ಕಣದಲ್ಲಿದ್ದವರು 22 ಮಂದಿ, ಒಂದು ಯೂನಿಟ್‌ನಲ್ಲಿ ಹಿಡಿಸುವುದು 16 ಹೆಸರು. ಮೊದಲ ಯೂನಿಟ್‌ನ ಮೊದಲ ಸಾಲಿನಲ್ಲೇ ತೆನೆ ಹೊತ್ತ ಮಹಿಳೆಯ ಗುರುತು, ಅದರ ಪಕ್ಕ ನಿಖಿಲ್ ಕುಮಾರಸ್ವಾಮಿ ಹೆಸರು. ಎರಡನೆಯ ಯೂನಿಟ್‌ನಲ್ಲಿ, 20ನೇ ಕ್ರಮ ಸಂಖ್ಯೆಯಲ್ಲಿ, ಕಹಳೆ ಊದುವ ಮನುಷ್ಯನ ಗುರುತು. ಅದು ಸುಮಲತಾ ಅಂಬರೀಶ್ ಅವರದು. ಕೈ ಎಲ್ಲೂ ಇರಲಿಲ್ಲ. ಕಮಲವೂ ಇರಲಿಲ್ಲ.

ಈ ಚುನಾವಣೆಯ ಬಗ್ಗೆ ಆಗ ಬಂದ ಬರಹಗಳೆಲ್ಲ ಸಿನಿಮಾ ತಾರೆಯರ ಸುತ್ತ, ಕಣ್ಣೀರಿನ ಸುತ್ತ, ಕುಟುಂಬದ ಸುತ್ತ ತಿರುಗಿದವು. ನನ್ನ ಕಣ್ಣು ಮಾತ್ರ ಆ ಯಂತ್ರದಲ್ಲಿ ಕಾಣದೆ ಹೋದ ಕೈ ಗುರುತಿನ ಮೇಲೇ ನೆಟ್ಟಿದೆ. ತಲೆಮಾರುಗಳಿಂದ ಕೈಗೆ ಒತ್ತಿದ ಮನೆಯವರು ಅಂದು ಎಲ್ಲಿಗೆ ಹೋಗಬೇಕಿತ್ತು? ದೊಡ್ಡ ರಾಜಕೀಯ ಮನೆತನದ ಹುಡುಗನೊಬ್ಬನಿಗಾಗಿ ನಡೆದ ದೊಡ್ಡ ಪ್ರಚಾರವೊಂದು ಈ ಪ್ರಶ್ನೆಯನ್ನು ಕೇಳಿಕೊಳ್ಳದೆಯೇ ಮುಗಿದುಹೋಯಿತು ಎಂಬುದು ನಾನು ಇಲ್ಲಿ ಹೇಳಹೊರಟಿರುವ ಮಾತು.

ಕಾಗದದ ಮೇಲೆ ಗೆದ್ದಾಗಿದ್ದ ಕ್ಷೇತ್ರ

ಮೊದಲು ಕ್ಷೇತ್ರದ ಬಲಾಬಲ ನೋಡೋಣ. ಮಂಡ್ಯ ಲೋಕಸಭಾ ಕ್ಷೇತ್ರಕ್ಕೆ ಸೇರುವ ವಿಧಾನಸಭಾ ಕ್ಷೇತ್ರಗಳು ಎಂಟು: ಮಂಡ್ಯ ಜಿಲ್ಲೆಯ ಮಳವಳ್ಳಿ, ಮದ್ದೂರು, ಮೇಲುಕೋಟೆ, ಮಂಡ್ಯ, ಶ್ರೀರಂಗಪಟ್ಟಣ, ನಾಗಮಂಗಲ, ಕೃಷ್ಣರಾಜಪೇಟೆ; ಜೊತೆಗೆ ಮೈಸೂರು ಜಿಲ್ಲೆಯ ಕೃಷ್ಣರಾಜನಗರ. 2018ರ ಮೇ ತಿಂಗಳ ಚುನಾವಣೆಯಲ್ಲಿ ಈ ಎಂಟನ್ನೂ ಗೆದ್ದದ್ದು ಜೆಡಿಎಸ್. ಎಂಟು ಶಾಸಕರಲ್ಲಿ ಮೂವರು, ಅಂದರೆ ಸಿ.ಎಸ್. ಪುಟ್ಟರಾಜು, ಡಿ.ಸಿ. ತಮ್ಮಣ್ಣ ಮತ್ತು ಸಾ.ರಾ. ಮಹೇಶ್, ಸಚಿವರೂ ಆದರು. 2018ರ ಮೇ 23ರಂದು ಎಚ್.ಡಿ. ಕುಮಾರಸ್ವಾಮಿ ಕಾಂಗ್ರೆಸ್ ಬೆಂಬಲದಿಂದ ಮುಖ್ಯಮಂತ್ರಿಯಾಗಿ ಪ್ರಮಾಣ ವಚನ ತೆಗೆದುಕೊಂಡರು.

ಪುಟ್ಟರಾಜು ಶಾಸಕರಾದದ್ದರಿಂದ ತೆರವಾದ ಲೋಕಸಭಾ ಸ್ಥಾನಕ್ಕೆ ಅದೇ ನವೆಂಬರ್‌ನಲ್ಲಿ ಉಪಚುನಾವಣೆ ನಡೆಯಿತು. ಮೈತ್ರಿಯ ಪರವಾಗಿ ನಿಂತ ಜೆಡಿಎಸ್‌ನ ಎಲ್.ಆರ್. ಶಿವರಾಮೇಗೌಡರು ಸುಮಾರು 5 ಲಕ್ಷ 69 ಸಾವಿರ ಮತ ಪಡೆದರು. ಎದುರಿಗಿದ್ದ ಬಿಜೆಪಿ ಅಭ್ಯರ್ಥಿಗೆ ಬಂದದ್ದು ಸುಮಾರು 2 ಲಕ್ಷ 44 ಸಾವಿರ. ಅಂತರ 3 ಲಕ್ಷ 24 ಸಾವಿರಕ್ಕೂ ಹೆಚ್ಚು. ಇನ್ನು ಐದು ತಿಂಗಳಿಗೆ ಸಾರ್ವತ್ರಿಕ ಚುನಾವಣೆ. ಮನೆಯ ಹುಡುಗನನ್ನು ಇಳಿಸಲು ಇದಕ್ಕಿಂತ ಭದ್ರವಾದ ಜಾಗ ಇನ್ನೆಲ್ಲಿ ಸಿಕ್ಕೀತು ಎಂದು ಆ ಮನೆಯವರಿಗೆ ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಗೆದ್ದ ಸಂಸದರನ್ನು ಪಕ್ಕಕ್ಕೆ ಸರಿಸಿ, 2019ರ ಮಾರ್ಚ್ ಮಧ್ಯದಲ್ಲಿ ನಿಖಿಲ್ ಹೆಸರು ಪ್ರಕಟವಾಯಿತು.

ಆಗ ಆ ಮನೆಯ ಸ್ಥಿತಿ ಹೀಗಿತ್ತು: ತಾತ ಎಚ್.ಡಿ. ದೇವೇಗೌಡರು ಮಾಜಿ ಪ್ರಧಾನಿ, ಹಾಲಿ ಸಂಸದ. ತಂದೆ ಮುಖ್ಯಮಂತ್ರಿ. ತಾಯಿ ರಾಮನಗರದ ಶಾಸಕಿ. ದೊಡ್ಡಪ್ಪ ಎಚ್.ಡಿ. ರೇವಣ್ಣ ಲೋಕೋಪಯೋಗಿ ಸಚಿವ. ದೊಡ್ಡಪ್ಪನ ಮಗ ಪ್ರಜ್ವಲ್ ಅದೇ ಚುನಾವಣೆಯಲ್ಲಿ ತಾತ ಬಿಟ್ಟುಕೊಟ್ಟ ಹಾಸನದಿಂದ ಅಭ್ಯರ್ಥಿ; ತಾತ ತುಮಕೂರಿನಿಂದ. ಪ್ರಜ್ವಲ್ ಹೆಸರು ಘೋಷಿಸುವಾಗ ಹಾಸನ ಜಿಲ್ಲೆಯ ಮೂಡಲಹಿಪ್ಪೆಯಲ್ಲಿ ದೇವೇಗೌಡರು ವೇದಿಕೆಯಲ್ಲೇ ಕಣ್ಣೀರಿಟ್ಟರು. ಮೂರು ಕ್ಷೇತ್ರ, ಮೂರು ತಲೆಮಾರಿನ ಒಂದೇ ಮನೆ. ಹಳೆ ಮೈಸೂರಿನ ಜನ ದೇವೇಗೌಡರನ್ನು ತಮ್ಮ ಮನೆಯ ಹಿರಿಯ ಎಂದು ಕಂಡವರು. ಆ ಗೌರವ ಇವತ್ತಿಗೂ ಇದೆ. ಆದರೆ ಗೌರವ ತಾತನಿಗೆ ಸಲ್ಲುವುದು ಬೇರೆ, ಅದನ್ನು ಮೂವರಿಗೂ ಒಟ್ಟಿಗೆ ಕೊಡಿ ಎಂದು ಕೇಳುವುದು ಬೇರೆ. ನಿಖಿಲ್ ಹೆಸರು ಕೇಳಿಬಂದ ದಿನಗಳಲ್ಲೇ ಸಾಮಾಜಿಕ ಜಾಲತಾಣಗಳಲ್ಲಿ 'ಗೋ ಬ್ಯಾಕ್ ನಿಖಿಲ್' ಎಂಬ ಕೂಗು ಎದ್ದಿತ್ತು. ಪಕ್ಷ ಅದನ್ನು ಪೇಟೆಯ ಹುಡುಗರ ಗದ್ದಲ ಎಂದುಕೊಂಡಂತೆ ನಡೆದುಕೊಂಡಿತು.

ಎದುರಿಗೆ ಬಂದವರು

2018ರ ನವೆಂಬರ್ 24 ಮಂಡ್ಯ ಜಿಲ್ಲೆಗೆ ಕರಾಳ ದಿನ. ಆ ದಿನ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ಅದೇ ರಾತ್ರಿ ಬೆಂಗಳೂರಿನಲ್ಲಿ ಸುಮಲತಾ ಅವರ ಗಂಡ, ಚಿತ್ರನಟ ಅಂಬರೀಶ್ ತೀರಿಕೊಂಡರು. ಮರುದಿನ ಅವರ ಪಾರ್ಥಿವ ಶರೀರವನ್ನು ಹೆಲಿಕಾಪ್ಟರ್‌ನಲ್ಲಿ ಮಂಡ್ಯಕ್ಕೆ ತಂದು ಸರ್ ಎಂ.ವಿ. ಕ್ರೀಡಾಂಗಣದಲ್ಲಿ ಇರಿಸಿದರು. ಜನ ರಾತ್ರಿಯಿಡೀ ಸಾಲುಗಟ್ಟಿ ನಿಂತರು. ಬೆಂಗಳೂರಿಗೆ ಹಿಂದಿರುಗುವ ಮೊದಲು ಸುಮಲತಾ ಮಂಡ್ಯದ ಮಣ್ಣನ್ನು ಗಂಡನ ಹಣೆಗೆ ಇಟ್ಟರು. ಟಿವಿಯಲ್ಲಿ ಅದನ್ನು ನೋಡಿದ ಮಂಡ್ಯದವರು ಯಾರೂ ಮರೆತಿರಲಾರರು.

ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ ಮಂಡ್ಯದಿಂದ ಮೂರು ಸಲ ಸಂಸದರಾಗಿದ್ದವರು: 1998ರಲ್ಲಿ ಜನತಾದಳದಿಂದ, 1999 ಮತ್ತು 2004ರಲ್ಲಿ ಕಾಂಗ್ರೆಸ್‌ನಿಂದ. 2009ರಲ್ಲಿ ಜೆಡಿಎಸ್ ಎದುರು ಸೋತರು, 2013ರಲ್ಲಿ ಶಾಸಕರಾದರು. ಎರಡೂ ಪಾಳಯದಲ್ಲಿದ್ದು ಬಂದವರು, ಎರಡೂ ಪಾಳಯದಲ್ಲಿ ಗೆಳೆಯರನ್ನು ಉಳಿಸಿಕೊಂಡವರು. ಕೇಂದ್ರದಲ್ಲಿ ರಾಜ್ಯ ಸಚಿವರಾಗಿದ್ದಾಗ ಕಾವೇರಿ ನ್ಯಾಯಮಂಡಳಿಯ ತೀರ್ಪನ್ನು ವಿರೋಧಿಸಿ ಅವರು ಕೊಟ್ಟ ರಾಜೀನಾಮೆಯನ್ನು ನಾಲೆ ನೀರು ನಂಬಿದ ರೈತರು ನೆನಪಿಟ್ಟುಕೊಂಡಿದ್ದರು.

ಸುಮಲತಾ ಮೊದಲು ಕೇಳಿದ್ದು ಕಾಂಗ್ರೆಸ್ ಟಿಕೆಟ್ಟನ್ನೇ. ಮೈತ್ರಿಯ ಒಪ್ಪಂದದಲ್ಲಿ ಮಂಡ್ಯ ಜೆಡಿಎಸ್ ಪಾಲಾಗಿತ್ತು. ಕಾಂಗ್ರೆಸ್ ನಾಯಕರು ಕೈಚೆಲ್ಲಿದರು. ಮಾರ್ಚ್ 18ರಂದು ಅವರು ಪಕ್ಷೇತರವಾಗಿ ನಿಲ್ಲುವುದಾಗಿ ಪ್ರಕಟಿಸಿದರು. ನಟರಾದ ದರ್ಶನ್ ಮತ್ತು ಯಶ್ ಪಕ್ಕದಲ್ಲಿದ್ದರು. ಮುಂದೆ ಬಿಜೆಪಿ ಅಭ್ಯರ್ಥಿ ಹಾಕದೆ ಅವರನ್ನು ಬೆಂಬಲಿಸಿತು, ಏಪ್ರಿಲ್ 9ರಂದು ಮೈಸೂರಿನ ಸಭೆಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರೇ ಅವರಿಗಾಗಿ ಮತ ಕೇಳಿದರು. ರೈತ ಸಂಘವೂ ಬೆಂಬಲಿಸಿತು. ಮೇಲುಕೋಟೆಯಲ್ಲಿ ಕೆ.ಎಸ್. ಪುಟ್ಟಣ್ಣಯ್ಯ ಕಟ್ಟಿದ ಹಸಿರು ಶಾಲಿನ ಪಡೆ ಜೆಡಿಎಸ್‌ನ ನೇರ ಎದುರಾಳಿ, ಪುಟ್ಟರಾಜು ವಿರುದ್ಧ ಪ್ರತಿ ಚುನಾವಣೆಯಲ್ಲೂ ಹೋರಾಡಿದ್ದವರು. ಅವರು ಇನ್ನೆತ್ತ ಹೋದಾರು?

ಊರಿನೊಳಗಿನ ಲೆಕ್ಕ

ಇಲ್ಲಿ ಸ್ವಲ್ಪ ನಿಂತು ಮಂಡ್ಯದ ಊರುಗಳನ್ನು ನೋಡಬೇಕು. ಇಡೀ ಪ್ರಕರಣದ ಬೇರು ಇರುವುದು ಅಲ್ಲೇ.

ಈ ಸೀಮೆಯ ಹಳ್ಳಿಗಳಲ್ಲಿ ಕಾಂಗ್ರೆಸ್, ಜೆಡಿಎಸ್ ಎಂದರೆ ಐದು ವರ್ಷಕ್ಕೊಮ್ಮೆ ನೆನಪಾಗುವ ಪಕ್ಷಗಳಲ್ಲ. ಹಾಲಿನ ಡೇರಿಯ ಚುನಾವಣೆ ಬಂದರೆ ಎರಡು ಗುಂಪು. ಕೃಷಿ ಪತ್ತಿನ ಸೊಸೈಟಿ ಬಂದರೆ ಅದೇ ಎರಡು ಗುಂಪು. ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಪಕ್ಷದ ಗುರುತು ಇಲ್ಲದಿದ್ದರೂ ಯಾರು ಯಾವ ಕಡೆ ಎಂಬುದು ಊರಿನ ಮಕ್ಕಳಿಗೂ ಗೊತ್ತು. ದೇವಸ್ಥಾನದ ಹಬ್ಬದಲ್ಲಿ ಮೊದಲ ಮರ್ಯಾದೆ ಯಾರಿಗೆ, ನಾಲೆಯ ತೂಬು ಯಾರ ಗದ್ದೆಗೆ ಮೊದಲು ತೆರೆಯಬೇಕು, ಬಗರ್‌ಹುಕುಂ ಅರ್ಜಿ ಯಾರದು ಮುಂದೆ ಹೋಗಬೇಕು, ಹೀಗೆ ಎಲ್ಲದರ ಹಿಂದೆಯೂ ಆ ಎರಡು ಗುಂಪಿನ ನೆರಳಿರುತ್ತದೆ. ಹೊಡೆದಾಟದ ಕೇಸುಗಳು ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯುತ್ತವೆ. ಬಿಜೆಪಿ ಈ ಜಗಳದಲ್ಲಿ ಬಹುಕಾಲ ಲೆಕ್ಕಕ್ಕೇ ಇರಲಿಲ್ಲ.

ಇಂಥ ಊರಿಗೆ ಬೆಂಗಳೂರಿನಿಂದ ಒಂದು ದಿನ ಸುದ್ದಿ ಬರುತ್ತದೆ: ನಾವೂ ಅವರೂ ಒಂದಾಗಿದ್ದೇವೆ, ನೀವೂ ಒಂದಾಗಿ. ವಿಧಾನಸೌಧದ ಮೆಟ್ಟಿಲ ಮೇಲೆ ಕೈ ಕೈ ಹಿಡಿದು ಎತ್ತಿದರೆ ಮೇಲಿನವರಿಗೆ ಸಾಕು. ಕೆಳಗಿನವನು ನಾಳೆ ಬೆಳಗ್ಗೆ ಡೇರಿಗೆ ಹಾಲು ಹಾಕಲು ಹೋದಾಗ ಅಲ್ಲಿ ಎದುರು ಗುಂಪಿನ ಕಾರ್ಯದರ್ಶಿಯ ಮುಖ ನೋಡಬೇಕು.

ನಾಯಕರ ಮಟ್ಟದಲ್ಲೂ ಇದೇ ಗಾಯ ಇತ್ತು. ನಾಗಮಂಗಲದ ಎನ್. ಚಲುವರಾಯಸ್ವಾಮಿ, ಶ್ರೀರಂಗಪಟ್ಟಣದ ರಮೇಶ್ ಬಂಡಿಸಿದ್ದೇಗೌಡ ಇಬ್ಬರೂ ಜೆಡಿಎಸ್‌ನಲ್ಲೇ ಬೆಳೆದವರು. 2016ರ ರಾಜ್ಯಸಭಾ ಚುನಾವಣೆಯಲ್ಲಿ ಅಡ್ಡಮತದಾನ ಮಾಡಿ, ದೇವೇಗೌಡರ ಮನೆಯಿಂದ ದೂರವಾಗಿ, 2018ರಲ್ಲಿ ಕಾಂಗ್ರೆಸ್ ಟಿಕೆಟ್ಟಿನಲ್ಲಿ ನಿಂತು, ಜೆಡಿಎಸ್ ಅಭ್ಯರ್ಥಿಗಳ ಎದುರೇ ಸೋತವರು. ಸೋತು ವರ್ಷ ತುಂಬುವುದರೊಳಗೆ ಅದೇ ಮನೆಯ ಮಗನಿಗೆ ಓಟು ಕೇಳಿ ಎಂದು ಅವರಿಗೆ ಹೇಳಲಾಯಿತು. ಸಿದ್ದರಾಮಯ್ಯನವರು ಕರೆಸಿ ಮಾತಾಡಿದರು. ಆದರೂ ಜಿಲ್ಲೆಯ ಕಾಂಗ್ರೆಸ್ಸಿಗರ ಮನಸ್ಸು ಬಾಗಲಿಲ್ಲ. ಕಾರ್ಯಕರ್ತರು ಕಾಂಗ್ರೆಸ್ ಬಾವುಟ ಹಿಡಿದೇ ಸುಮಲತಾ ಅವರ ಮೆರವಣಿಗೆಯಲ್ಲಿ ನಡೆದರು.

ಇಷ್ಟು ಗೊತ್ತಿದ್ದೂ ಮೈತ್ರಿಯ ಪ್ರಚಾರ ಕೂಡುವ ಲೆಕ್ಕವನ್ನೇ ನಂಬಿತು. 2014ರಲ್ಲಿ ಜೆಡಿಎಸ್‌ನ ಪುಟ್ಟರಾಜು ಪಡೆದದ್ದು 5,24,370 ಮತ. ಕಾಂಗ್ರೆಸ್‌ನ ರಮ್ಯಾ ಪಡೆದದ್ದು 5,18,852. ಅಂತರ ಬರೀ 5,518. ಎರಡನ್ನೂ ಕೂಡಿದರೆ 10 ಲಕ್ಷದ ಮೇಲಾಗುತ್ತದೆ. ಆದರೆ ಅಷ್ಟು ಸರಿಸಮನಾಗಿ ಹೊಡೆದಾಡಿದ ಎರಡು ಪಡೆಗಳು ಕೂಡುವುದು ಎಷ್ಟು ಕಷ್ಟ ಎಂಬುದನ್ನೂ ಆ 5,518 ಎಂಬ ಅಂಕಿಯೇ ಹೇಳುತ್ತಿತ್ತು.

ಹದಿನೆಂಟು ದಿನ

ನಾಮಪತ್ರ ಹಿಂತೆಗೆದುಕೊಳ್ಳುವ ಕೊನೆಯ ದಿನ ಮಾರ್ಚ್ 29. ಪಕ್ಷೇತರರಿಗೆ ಗುರುತು ಖಚಿತವಾಗುವುದು ಆಮೇಲೆ. ಬಹಿರಂಗ ಪ್ರಚಾರ ಮುಗಿಯುವುದು ಏಪ್ರಿಲ್ 16ರ ಸಂಜೆ. ಸುಮಲತಾ ಅವರ ತಂಡಕ್ಕೆ ಹೊಸ ಗುರುತೊಂದನ್ನು ಜನರ ತಲೆಯಲ್ಲಿ ಕೂರಿಸಲು ಸಿಕ್ಕಿದ್ದು ಹದಿನೆಂಟು ದಿನ. ಸಾಲದ್ದಕ್ಕೆ ಸುಮಲತಾ ಎಂಬ ಹೆಸರಿನ ಇನ್ನೂ ಮೂವರು ಮಹಿಳೆಯರು ಕಣದಲ್ಲಿದ್ದರು. ಓದು ಬಾರದ ಅಜ್ಜಿಯೊಬ್ಬಳು ಎರಡನೆಯ ಯೂನಿಟ್‌ಗೆ ಕಣ್ಣು ಹಾಯಿಸಿ, ನಾಲ್ಕು ಸುಮಲತಾರಲ್ಲಿ ಒಬ್ಬರನ್ನು ಹುಡುಕಿ, ಕಹಳೆಯ ಎದುರಿನ ಗುಂಡಿ ಒತ್ತಬೇಕಿತ್ತು.

ಈ ಕಷ್ಟವೇ ಅವರ ಪ್ರಚಾರವನ್ನು ಗಟ್ಟಿ ಮಾಡಿತು ಎಂದು ನನಗೆ ಅನ್ನಿಸುತ್ತದೆ. ಪ್ರತಿ ಊರಿನಲ್ಲೂ ಹೇಳಲೇಬೇಕಾದ ಒಂದು ಮಾತು ಅವರಿಗೆ ಇತ್ತು: ಇಪ್ಪತ್ತನೇ ನಂಬರ್, ಕಹಳೆ. ಮಾತು ಚಿಕ್ಕದು, ಕೆಲಸ ಸ್ಪಷ್ಟ. ಹುಡುಗರು ಗೋಡೆಗೆ ಬರೆದರು, ಮೊಬೈಲಿನಲ್ಲಿ ಹಂಚಿದರು, ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಟ್ಟರು. ಮೈತ್ರಿಯ ಕಾರ್ಯಕರ್ತನಿಗೆ ಅಂಥ ಕೆಲಸವೇ ಇರಲಿಲ್ಲ. ಮೊದಲ ನಂಬರ್, ಹಳೆಯ ತೆನೆ, ಎಲ್ಲರಿಗೂ ಗೊತ್ತಿರುವ ಮನೆತನ. ಹೇಳಿಕೊಡುವುದಕ್ಕೆ ಏನೂ ಉಳಿದಿಲ್ಲದಾಗ ಮನೆ ಬಾಗಿಲು ತಟ್ಟುವ ಕಾರಣವೂ ಉಳಿಯುವುದಿಲ್ಲ.

ಮೈತ್ರಿಯ ಪ್ರಚಾರದಲ್ಲಿ ದೊಡ್ಡವರಿಗೆ ಕೊರತೆ ಇರಲಿಲ್ಲ. ಮುಖ್ಯಮಂತ್ರಿ ಜಿಲ್ಲೆಯಲ್ಲೇ ಠಿಕಾಣಿ ಹೂಡಿದಂತೆ ಓಡಾಡಿದರು. ದೇವೇಗೌಡರು ಆ ವಯಸ್ಸಿನಲ್ಲೂ ಬಿಸಿಲಲ್ಲಿ ತಿರುಗಿದರು. ಡಿ.ಕೆ. ಶಿವಕುಮಾರ್ ಬಂದರು, ಏಪ್ರಿಲ್ 13ರಂದು ಕೃಷ್ಣರಾಜನಗರದಲ್ಲಿ ರಾಹುಲ್ ಗಾಂಧಿ ಮತ್ತು ದೇವೇಗೌಡರು ಒಂದೇ ವೇದಿಕೆ ಹತ್ತಿದರು, ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಪಾಂಡವಪುರಕ್ಕೆ ಬಂದು ಮತ ಕೇಳಿದರು. ಒಬ್ಬೊಬ್ಬರು ಬಂದಾಗಲೂ ಅಭ್ಯರ್ಥಿ ಇನ್ನೊಂದಿಷ್ಟು ಹಿಂದಕ್ಕೆ ಸರಿದಂತಾಯಿತು. ವಾಹನದ ಮೇಲೆ ತಂದೆ ಮಾತಾಡುತ್ತಿದ್ದಾಗ ಮಗ ಕೈಮುಗಿದು ನಿಲ್ಲುತ್ತಿದ್ದರು. ನೋಡುವವರಿಗೆ ಅಭ್ಯರ್ಥಿ ಯಾರು ಎಂಬ ಅನುಮಾನ ಬರುವಂತಿತ್ತು.

'ನಿಖಿಲ್ ಎಲ್ಲಿದ್ದೀಯಪ್ಪ' ಎಂಬ ಮಾತು ರಾಜ್ಯವನ್ನೆಲ್ಲ ಸುತ್ತಿದ್ದು ಈ ಹಿನ್ನೆಲೆಯಲ್ಲೇ. ಅದು 2016ರಲ್ಲಿ ನಿಖಿಲ್ ಅವರ ಮೊದಲ ಚಿತ್ರದ ಹಾಡುಗಳ ಬಿಡುಗಡೆ ಸಮಾರಂಭದಲ್ಲಿ ತಂದೆ ವೇದಿಕೆಯಿಂದ ಮಗನನ್ನು ಕರೆದ ತುಣುಕು. ಮೂರು ವರ್ಷ ಯಾರಿಗೂ ನೆನಪಿರಲಿಲ್ಲ. 2019ರ ಮಾರ್ಚ್‌ನಲ್ಲಿ ಅದು ಮದುವೆ ಮನೆ, ಕಾಲೇಜು, ಬಸ್ಸು, ಜಾತ್ರೆ ಎಲ್ಲೆಡೆ ಕೇಳಿಸಿತು. ಒಬ್ಬ ಯುವಕನನ್ನು ಇಡೀ ರಾಜ್ಯ ಹೀಗೆ ಆಡಿಕೊಂಡಿದ್ದು ನನಗೆ ಸಂಕಟದ ಸಂಗತಿಯೇ. ಅಷ್ಟು ದಿನ ಅದನ್ನು ನುಂಗಿಕೊಂಡು ಊರೂರು ತಿರುಗಿದ ಆ ಹುಡುಗನ ತಾಳ್ಮೆಯನ್ನು ಮೆಚ್ಚಬೇಕು. ಆದರೆ ಆ ತುಣುಕು ಅಷ್ಟು ಹರಡಿದ್ದಕ್ಕೆ ಕಾರಣ ಅದರೊಳಗಿನ ಚಿತ್ರವೇ: ಅಪ್ಪ ಮೈಕ್ ಹಿಡಿದಿದ್ದಾರೆ, ಮಗನನ್ನು ಹುಡುಕಬೇಕಾಗಿದೆ. ಪ್ರಚಾರದ ಪ್ರತಿ ದಿನವೂ ಜನ ಕಂಡದ್ದು ಅದೇ ಚಿತ್ರವನ್ನು. ನಿಖಿಲ್ ಒಬ್ಬರೇ, ಸಚಿವರ ದಂಡಿಲ್ಲದೆ, ಕಬ್ಬಿನ ಬಾಕಿಯ ಬಗ್ಗೆ, ನಿಂತುಹೋದ ಮೈಷುಗರ್ ಕಾರ್ಖಾನೆಯ ಬಗ್ಗೆ, ನಾಲೆಯ ಕೊನೆಯ ಭಾಗಕ್ಕೆ ತಲುಪದ ನೀರಿನ ಬಗ್ಗೆ ರೈತರ ಜೊತೆ ಜಗಲಿಯ ಮೇಲೆ ಕೂತು ಎರಡು ವಾರ ಮಾತಾಡಿದ್ದರೆ ಆ ತುಣುಕಿಗೆ ಉತ್ತರ ಸಿಗುತ್ತಿತ್ತು.

ಹೇಳಿಕೊಳ್ಳಲು ವಿಷಯಗಳೂ ಇದ್ದವು. ಕುಮಾರಸ್ವಾಮಿ ಸರ್ಕಾರದ ರೈತರ ಸಾಲ ಮನ್ನಾ ಘೋಷಣೆ ಮಂಡ್ಯದಂಥ ಜಿಲ್ಲೆಗೆ ಸಣ್ಣ ಮಾತಲ್ಲ. ಆದರೆ ಸುದ್ದಿಯಾದದ್ದು ಬೇರೆ ಮಾತುಗಳು.

ನಾಲಿಗೆ ತಪ್ಪಿದ್ದು

ಮಾರ್ಚ್ ಮೊದಲ ಭಾಗದಲ್ಲಿ, ಸುಮಲತಾ ಇನ್ನೂ ನಿಲ್ಲುವುದೋ ಬಿಡುವುದೋ ಎಂಬ ಹೊತ್ತಿನಲ್ಲಿ, ಗಂಡ ತೀರಿಕೊಂಡು ಹೆಚ್ಚು ದಿನ ಆಗಿಲ್ಲ, ಈಗಲೇ ರಾಜಕೀಯ ಬೇಕಿತ್ತೇ ಎಂಬ ಅರ್ಥದ ಮಾತನ್ನು ರೇವಣ್ಣ ಆಡಿದರು. ಶಿವರಾಮೇಗೌಡರು ಸುಮಲತಾ ಅವರ ಜಾತಿ ಎತ್ತಿ, ಅವರು ಗೌಡತಿ ಅಲ್ಲ, ನಾಯ್ಡು ಎಂದರು. ಅಂಬರೀಶ್ ಪಾರ್ಥಿವ ಶರೀರವನ್ನು ಮಂಡ್ಯಕ್ಕೆ ತರಿಸಿದ್ದು ತಾವು ಎಂಬ ಮಾತು ಕುಮಾರಸ್ವಾಮಿಯವರ ಭಾಷಣಗಳಲ್ಲಿ ಬಂತು. ದರ್ಶನ್, ಯಶ್ ಅವರನ್ನು ಜನ ಜೋಡೆತ್ತು ಎಂದು ಕರೆಯತೊಡಗಿದಾಗ ಕುಮಾರಸ್ವಾಮಿ ಕಳ್ಳೆತ್ತು ಎಂಬ ಪದ ಬಳಸಿದರು. ಹಿಂದಿನ ನವೆಂಬರ್‌ನಲ್ಲಿ ಜೋಡೆತ್ತು ಎಂಬ ಹೆಸರು ಇದ್ದದ್ದು ಕುಮಾರಸ್ವಾಮಿ ಮತ್ತು ಶಿವಕುಮಾರ್ ಜೋಡಿಗೆ. ಆ ಒಳ್ಳೆಯ ಹೆಸರೂ ಎದುರಾಳಿಯ ಪಾಲಾಯಿತು.

ಈ ಮಾತುಗಳಲ್ಲಿ ಅತಿ ಹೆಚ್ಚು ಹಾನಿ ಮಾಡಿದ್ದು ಮೊದಲನೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಳ್ಳಿಯ ಹೆಂಗಸಿಗೆ ಪಕ್ಷದ ಜಗಳ ಬೇಸರ ತರಬಹುದು, ಗಂಡ ಹೇಳಿದ ಕಡೆ ಒತ್ತಲೂಬಹುದು. ಆದರೆ ಗಂಡ ಸತ್ತ ಹೆಣ್ಣು ಎಷ್ಟು ದಿನ ಮನೆಯೊಳಗಿರಬೇಕು ಎಂದು ಹೊರಗಿನ ಗಂಡಸು ಲೆಕ್ಕ ಹಾಕಿದ್ದು ಅವಳಿಗೆ ನೇರವಾಗಿ ತಾಕುವ ಮಾತು. ಅಂಥ ಲೆಕ್ಕವನ್ನು ತನ್ನ ಊರಿನಲ್ಲೇ, ತನ್ನ ಓಣಿಯಲ್ಲೇ, ಕೆಲವೊಮ್ಮೆ ತನ್ನ ಮನೆಯಲ್ಲೇ ಅವಳು ಕೇಳಿರುತ್ತಾಳೆ. ಜಾತಿಯ ಮಾತಿನ ಕಥೆ ಬೇರೆ. ಮದುವೆಯಾಗಿ ಬಂದ ಹೆಣ್ಣು ಆ ಮನೆಯವಳು ಎಂಬುದು ಈ ಸೀಮೆಯ ನಂಬಿಕೆ. ಸುಮಲತಾ 'ನಾನು ಮಂಡ್ಯದ ಸೊಸೆ' ಎಂದಾಗ ಅದನ್ನು ಒಪ್ಪಿಕೊಳ್ಳದಿರಲು ಊರಿನವರಿಗೆ ಕಾರಣವೇ ಇರಲಿಲ್ಲ. ಸೊಸೆಯ ತವರಿನ ಜಾತಿ ಕೆದಕಿದವರೇ ಕೆಳಗಾದರು.

ಈ ನಡುವೆ ಮಾರ್ಚ್ 28ರಂದು ಸಚಿವ ಪುಟ್ಟರಾಜು ಅವರ ಚಿನಕುರಳಿಯ ಮನೆ ಸೇರಿ ಹಲವೆಡೆ ಆದಾಯ ತೆರಿಗೆ ಇಲಾಖೆಯ ದಾಳಿ ನಡೆಯಿತು. ಮುಖ್ಯಮಂತ್ರಿಯೇ ಬೀದಿಗಿಳಿದು ಪ್ರತಿಭಟಿಸಿದರು. ಚುನಾವಣಾ ಆಯೋಗ ದೂರುಗಳ ಮೇಲೆ ಜಿಲ್ಲಾಧಿಕಾರಿಯನ್ನೂ ಬದಲಿಸಿತು. ಮೈತ್ರಿಯವರಿಗೆ ಇದು ಕೇಂದ್ರ ಸರ್ಕಾರದ ದ್ವೇಷ; ಎದುರಿನವರಿಗೆ ಇದು ರಾಜ್ಯ ಸರ್ಕಾರದ ಅಧಿಕಾರ ಬಲದ ಸಾಕ್ಷಿ. ಮತದಾರರು ಇದರಿಂದ ಹೆಚ್ಚೇನೂ ಕದಲಿದಂತೆ ನನಗೆ ಕಾಣುವುದಿಲ್ಲ.

ಏಪ್ರಿಲ್ 16ರಂದು, ಪ್ರಚಾರದ ಕೊನೆಯ ದಿನ, ಮಂಡ್ಯದ ಸಿಲ್ವರ್ ಜ್ಯೂಬಿಲಿ ಪಾರ್ಕಿನಲ್ಲಿ ಸುಮಲತಾ ಸೆರಗೊಡ್ಡಿ ಮತ ಕೇಳಿದರು. ಅವರ ಇಡೀ ಪ್ರಚಾರದ ಪದ 'ಸ್ವಾಭಿಮಾನ'. ಒಂದು ಕಡೆ ಸ್ವಾಭಿಮಾನ, ಇನ್ನೊಂದು ಕಡೆ ಒಡ್ಡಿದ ಸೆರಗು. ಪುಸ್ತಕದ ಅರ್ಥದಲ್ಲಿ ಎರಡೂ ಹೊಂದುವುದಿಲ್ಲ. ಆದರೆ ಮಂಡ್ಯದಲ್ಲಿ ಸೆರಗೊಡ್ಡಿ ಕೇಳಿದವಳಿಗೆ ಇಲ್ಲ ಎನ್ನುವುದು ಕೇಳಿದವಳಿಗಲ್ಲ, ಇಲ್ಲವೆಂದವನಿಗೆ ಅವಮಾನ. ಆ ಸೆರಗಿನ ಅರ್ಥ ಅಲ್ಲಿದ್ದ ಎಲ್ಲರಿಗೂ ತಿಳಿಯಿತು.

ಮೇ 23

ಮತದಾನ ಶೇಕಡಾ 80 ದಾಟಿತು. ಐದು ತಿಂಗಳ ಹಿಂದಿನ ಉಪಚುನಾವಣೆಯಲ್ಲಿ ಅದು ಶೇಕಡಾ 54ರ ಆಸುಪಾಸಿನಲ್ಲಿತ್ತು. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿ ಸರಿಯಾಗಿ ಒಂದು ವರ್ಷ ತುಂಬಿದ ದಿನ, 2019ರ ಮೇ 23ರಂದು, ಎಣಿಕೆ ನಡೆಯಿತು. ಸುಮಲತಾ ಅವರಿಗೆ 7,03,660, ನಿಖಿಲ್ ಅವರಿಗೆ 5,77,784. ಅಂತರ 1,25,876. ಅದೇ ದಿನ ತುಮಕೂರಿನಲ್ಲಿ ದೇವೇಗೌಡರು 13,339 ಮತಗಳಿಂದ ಸೋತರು. ಹಾಸನದಲ್ಲಿ ಪ್ರಜ್ವಲ್ ಗೆದ್ದರು. ಎರಡು ತಿಂಗಳು ಕಳೆಯುವಷ್ಟರಲ್ಲಿ, ಜುಲೈ 23ರಂದು, ಮೈತ್ರಿ ಸರ್ಕಾರವೇ ಬಿತ್ತು.

ನಿಖಿಲ್ ಪಡೆದ ಮತವನ್ನು ಇನ್ನೊಮ್ಮೆ ನೋಡಿ: 5,77,784. ಐದು ತಿಂಗಳ ಹಿಂದೆ ಭರ್ಜರಿಯಾಗಿ ಗೆದ್ದ ಶಿವರಾಮೇಗೌಡರಿಗೆ ಬಂದದ್ದಕ್ಕಿಂತ ಇದು ಸುಮಾರು ಎಂಟು ಸಾವಿರ ಹೆಚ್ಚು. 2014ರಲ್ಲಿ ಪುಟ್ಟರಾಜು ಗೆದ್ದಾಗ ಬಂದದ್ದಕ್ಕಿಂತ 53 ಸಾವಿರ ಹೆಚ್ಚು. ಅಂದರೆ ದೇವೇಗೌಡರ ಮನೆಯನ್ನು ನಂಬಿದವರು ಮೊಮ್ಮಗನನ್ನು ಕೈಬಿಟ್ಟರು ಎಂದು ಈ ಅಂಕಿಯಿಂದ ಹೇಳಲಾಗದು. ತೆನೆಯ ಓಟು ಬಹುಮಟ್ಟಿಗೆ ತೆನೆಗೇ ಬಿದ್ದಿದೆ. ಕೂಡಿಕೊಳ್ಳದೆ ಹೋದದ್ದು ಕೈಯ ಓಟು. ಉಪಚುನಾವಣೆಯಲ್ಲಿ ಆ ಓಟಿನ ಹೆಚ್ಚಿನ ಪಾಲು ಮನೆಯಲ್ಲೇ ಉಳಿದಿತ್ತು ಎಂಬುದನ್ನು ಆಗಿನ ಶೇಕಡಾ 54 ಸೂಚಿಸುತ್ತಿತ್ತು. ಮೈತ್ರಿಯವರು 3 ಲಕ್ಷದ ಅಂತರವನ್ನು ನೋಡಿ ಸಂತೋಷಪಟ್ಟರು, ಮತಗಟ್ಟೆಗೆ ಬಾರದವರನ್ನು ಎಣಿಸಲಿಲ್ಲ. ಏಪ್ರಿಲ್‌ನಲ್ಲಿ ಅವರೆಲ್ಲ ಬಂದರು, ಕಹಳೆಗೆ ಒತ್ತಿದರು. ಒಟ್ಟು ಅಂಕಿಗಳಿಂದ ಒಬ್ಬೊಬ್ಬ ಮತದಾರನ ಮನಸ್ಸು ಗೊತ್ತಾಗುವುದಿಲ್ಲ, ನಿಜ. ಅತ್ತಿಂದಿತ್ತ, ಇತ್ತಿಂದತ್ತ ಹೋದವರೂ ಇದ್ದಾರು. ಆದರೆ ಮೂರು ಚುನಾವಣೆಗಳ ತೆನೆಯ ಮತ 5 ಲಕ್ಷ 24 ಸಾವಿರ, 5 ಲಕ್ಷ 69 ಸಾವಿರ, 5 ಲಕ್ಷ 77 ಸಾವಿರ ಎಂದು ಸಾಲಾಗಿ ನಿಂತಿರುವಾಗ ನನಗೆ ಬೇರೆ ಓದು ಕಾಣುವುದಿಲ್ಲ.

ಮಂಡ್ಯದವರು ಕುಟುಂಬ ರಾಜಕಾರಣವನ್ನು ತಿರಸ್ಕರಿಸಿದರು ಎಂದು ಆಗ ಬಹಳ ಜನ ಬರೆದರು. ಹಾಗೆ ಬರೆದವರು ಗೆದ್ದವರೂ ಒಂದು ಮನೆಯ ಹೆಸರಿನಿಂದಲೇ ಗೆದ್ದರು ಎಂಬುದನ್ನು ಮರೆತರು. ಎರಡು ಮನೆಗಳ ನಡುವೆ ಜನ ಆರಿಸಿಕೊಂಡರು. ಒಂದು ಮನೆ ಅಧಿಕಾರದಲ್ಲಿದ್ದು ಇನ್ನಷ್ಟು ಕೊಡಿ ಎನ್ನುತ್ತಿತ್ತು. ಇನ್ನೊಂದು ಮನೆ ಯಜಮಾನನನ್ನು ಕಳೆದುಕೊಂಡು ಬಾಗಿಲಿಗೆ ಬಂದಿತ್ತು. ಜೊತೆಗೆ ಕೈಯವರಿಗೆ ತಮ್ಮ ಊರಿನ ಎದುರಾಳಿಯ ಗುರುತಿಗೆ ಒತ್ತದೆ ಇರಲು ಮರ್ಯಾದೆಯ ದಾರಿಯೊಂದು ಸಿಕ್ಕಿತ್ತು. ಅಂಬರೀಶ್ ಕಾಂಗ್ರೆಸ್ಸಿನಲ್ಲಿದ್ದೇ ತೀರಿಕೊಂಡವರು. ಅವರ ಹೆಂಡತಿಗೆ ಒತ್ತಿದವನಿಗೆ ಪಕ್ಷಕ್ಕೆ ದ್ರೋಹ ಮಾಡಿದೆ ಎಂಬ ಭಾವನೆ ಬರುವಂತಿರಲಿಲ್ಲ.

ನಿಖಿಲ್ ಮುಂದೆ 2023ರಲ್ಲಿ ತಾಯಿ ಗೆದ್ದಿದ್ದ ರಾಮನಗರದಲ್ಲೂ, 2024ರ ನವೆಂಬರ್‌ನಲ್ಲಿ ತಂದೆ ತೆರವು ಮಾಡಿದ ಚನ್ನಪಟ್ಟಣದಲ್ಲೂ ಸೋತರು. ಆ ಎರಡರ ಕಾರಣಗಳು ಬೇರೆ, ಇಲ್ಲಿ ಬೆರೆಸುವುದು ಬೇಡ.

ಮಂಡ್ಯದ ವಿಷಯಕ್ಕೆ ಬಂದರೆ, 2024ರ ಲೋಕಸಭಾ ಚುನಾವಣೆಯಲ್ಲಿ ಅದೇ ತೆನೆ, ಅದೇ ಮನೆ ಮತ್ತೆ ಬಂತು. ಈ ಸಲ ಕುಮಾರಸ್ವಾಮಿಯವರೇ ಅಭ್ಯರ್ಥಿ, ಮೈತ್ರಿ ಬಿಜೆಪಿಯ ಜೊತೆ. ಸುಮಲತಾ ಕಣದಿಂದ ಹಿಂದೆ ಸರಿದು ಬಿಜೆಪಿ ಸೇರಿದರು. ಕಮಲದವರಿಗೂ ತೆನೆಯವರಿಗೂ ಡೇರಿಯಲ್ಲಿ, ಸೊಸೈಟಿಯಲ್ಲಿ ತಲೆಮಾರುಗಳ ಜಗಳ ಇರಲಿಲ್ಲ. ವರ್ಷದ ಹಿಂದೆ, 2023ರ ವಿಧಾನಸಭಾ ಚುನಾವಣೆಯಲ್ಲಿ, ಜಿಲ್ಲೆಯ ಏಳರಲ್ಲಿ ಜೆಡಿಎಸ್ ಗೆದ್ದದ್ದು ಕೃಷ್ಣರಾಜಪೇಟೆ ಒಂದನ್ನೇ. ಶಾಸಕರ ಬಲ 2019ರ ಮುಂದೆ ಏನೂ ಅಲ್ಲ. ಆದರೂ ಕುಮಾರಸ್ವಾಮಿ 8,51,881 ಮತ ಪಡೆದು 2,84,620 ಅಂತರದಿಂದ ಗೆದ್ದರು. ಆ ಸಲ ಮತಯಂತ್ರದಲ್ಲಿ ಕೈ ಗುರುತು ಇತ್ತು. ಅದಕ್ಕೆ ಬಿದ್ದ ಮತ 5,67,261.